ಕೆಲಸ ಬಿಡೋಕಾಗಲ್ಲ, ಮನಸ್ಸೂ ಬರ್ತಿಲ್ಲ: ಮುಂಬೈ-ಪುಣೆಯ ಉದ್ಯೋಗಿಗಳಿಗೆ ಒಂದು ಮಾರ್ಗದರ್ಶಿ

“ಕೆಲಸ ಇದೆ, ಸಂಬಳ ಸರಿಯಾಗಿ ಬರ್ತದೆ. ಆದ್ರೆ ಮನಸ್ಸೇ ಬರ್ತಾ ಇಲ್ಲ ಮಾರಾಯ್ರೆ.” ಮುಂಬೈಯ ಯಾವ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ. ಹೇಳುವವರು ಸೋಮಾರಿಗಳಲ್ಲ. ಬೆಳಿಗ್ಗೆ ಡೊಂಬಿವಲಿಯಲ್ಲಿ ಜೋತುಬಿದ್ದು ಲೋಕಲ್ ಹತ್ತುವವರು, ರಾತ್ರಿ ಎಂಟರ ಮೇಲೆ ಮನೆ ಸೇರುವವರು. ಕೆಲಸ ಬಿಡುವ ಹಾಗೂ ಇಲ್ಲ. ಮನೆ ಸಾಲದ ಕಂತು ಇದೆ, ಮಕ್ಕಳ ಫೀಸು ಇದೆ, ಊರಲ್ಲಿ ಅಪ್ಪ ಅಮ್ಮನ ಔಷಧಿ ಇದೆ.

ಇಂಥವರಿಗೆ ಪುಕ್ಕಟೆಯಾಗಿ ಸಿಗುವ ಸಲಹೆ ಎರಡು. ಒಂದು, “ನಿನಗೆ ಇಷ್ಟವಾದ ಕೆಲಸ ಹುಡುಕು.” ಇನ್ನೊಂದು, “ಕಾಯಕವೇ ಕೈಲಾಸ, ಸುಮ್ನೆ ಮಾಡು.” ಸೋಮವಾರ ಹತ್ತು ಗಂಟೆಗೆ ಎಕ್ಸೆಲ್ ಶೀಟ್ ತೆರೆದು ಕೂತವನಿಗೆ ಎರಡೂ ಉಪಯೋಗಕ್ಕೆ ಬರುವುದಿಲ್ಲ.

ನಾನು ಐರೋಲಿಯಲ್ಲಿ ಒಂದು ಬ್ಯಾಕ್ ಆಫೀಸ್ ತಂಡ ನೋಡಿಕೊಳ್ಳುತ್ತೇನೆ. ಕೆಲಸದಲ್ಲಿ ಮನಸ್ಸಿಟ್ಟವರನ್ನೂ ಇಡದವರನ್ನೂ ಹತ್ತಿರದಿಂದ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಮನಸ್ಸು ಇಡೀ ನೌಕರಿಯ ಮೇಲೆ ಒಟ್ಟಿಗೇ ಬರುವುದಿಲ್ಲ. ದಿನದ ಕೆಲಸಗಳ ಮೇಲೆ ಒಂದೊಂದಾಗಿ ಬರುತ್ತದೆ. ಅದು ಯಾರಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತಾದಾಗ ಬರುತ್ತದೆ. ಅದರಲ್ಲಿ ನಮ್ಮ ತಲೆ ಓಡಿಸಲು ಸ್ವಲ್ಪ ಜಾಗ ಸಿಕ್ಕಾಗ ಬರುತ್ತದೆ. ಈ ಎರಡನ್ನು ನಾವೇ ಹೇಗೆ ಹುಡುಕಿಕೊಳ್ಳಬಹುದು ಅನ್ನುವುದೇ ಇಲ್ಲಿ ಹೇಳುತ್ತಿರುವ ವಿಷಯ.

ಹೆಜ್ಜೆ 1: ಮೊದಲು ಸುಸ್ತನ್ನು ಬೇರೆ ಇಡಿ

ಮುಂಬೈಯಲ್ಲಿ “ಮನಸ್ಸಿಲ್ಲ” ಅಂತ ಅನಿಸುವುದರಲ್ಲಿ ಅರ್ಧ ಬರೀ ನಿದ್ದೆಗೇಡು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲಿನಲ್ಲೂ ಒಂದು ಗಂಟೆಯ ಮೇಲೆ ಬೇಕು. ಹೋಗಿ ಬರುವುದು, ಸ್ಟೇಷನ್ನಿನಿಂದ ರಿಕ್ಷಾ, ಎಲ್ಲ ಸೇರಿದರೆ ದಿನಕ್ಕೆ ಮೂರು ಗಂಟೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಪುಣೆಯಲ್ಲಿ ಹಿಂಜೆವಾಡಿಗೆ ಬೈಕ್ ಓಡಿಸುವವರ ಪಾಡೂ ಇದಕ್ಕಿಂತ ಬೇರೆಯಲ್ಲ.

ಪರೀಕ್ಷೆ ಸುಲಭ. ಗಣಪತಿ ಹಬ್ಬಕ್ಕೆ ಊರಿಗೆ ಹೋಗಿ, ನಾಲ್ಕು ದಿನ ಚೆನ್ನಾಗಿ ಮಲಗಿ ಬಂದ ಮೇಲೆ ಆಫೀಸಿನ ಮೊದಲೆರಡು ದಿನ ಹೇಗಿರುತ್ತದೆ ಗಮನಿಸಿ. ಕೆಲಸ ಸಲೀಸಾಗಿ ಸಾಗಿದರೆ ನಿಮ್ಮ ಸಮಸ್ಯೆ ಕೆಲಸದಲ್ಲಿಲ್ಲ, ದಾರಿಯಲ್ಲಿದೆ. ಶಿಫ್ಟನ್ನು ಒಂದು ಗಂಟೆ ಹಿಂದೆ ಮುಂದೆ ಮಾಡಲು ಕೇಳಿ. ವಾರಕ್ಕೊಂದು ದಿನ ಮನೆಯಿಂದ ಮಾಡಲು ಆಗುತ್ತದಾ ಕೇಳಿ. ಇದು ಬಗೆಹರಿಯದೆ ಮುಂದಿನ ಹೆಜ್ಜೆಗಳನ್ನು ಹಿಡಿದರೆ ಪ್ರಯೋಜನ ಕಡಿಮೆ.

ಹೆಜ್ಜೆ 2: ಸಂಬಳದ ಸಿಟ್ಟಿಗೆ ಬೇರೆ ಪಟ್ಟಿ ಮಾಡಿ

ಒಂದು ಕಾಗದ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಕಿರಿಕಿರಿಗಳು: ಸಂಬಳ, ಬಾಸಿನ ಮಾತು, ರಜೆ ಕೊಡದಿರುವುದು, ಕೆಟ್ಟುಹೋದ ಎಸಿ, ಕ್ಯಾಂಟೀನಿನ ಚಹಾ. ಬಲಗಡೆ ಕೆಲಸದ ಬಗ್ಗೆ ಮಾತ್ರ: ಏನು ಮಾಡುತ್ತೀರಿ, ಅದರಲ್ಲಿ ಯಾವುದು ಬೇಸರ, ಯಾವುದು ಪರವಾಗಿಲ್ಲ.

ಹೀಗೆ ಬೇರೆ ಮಾಡಲು ಕಾರಣ ಇದೆ. ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಪಿಟ್ಸ್‌ಬರ್ಗ್ ಸುತ್ತಮುತ್ತಲ ಸುಮಾರು 200 ಇಂಜಿನಿಯರು ಮತ್ತು ಅಕೌಂಟೆಂಟುಗಳನ್ನು ಮಾತಾಡಿಸಿ 1959ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲಸದಲ್ಲಿ ಯಾವಾಗ ತುಂಬ ಖುಷಿಯಾಗಿತ್ತು, ಯಾವಾಗ ತುಂಬ ಬೇಜಾರಾಗಿತ್ತು ಅಂತ ಕೇಳಿದ್ದರು. ಬೇಜಾರಿನ ಕಥೆಗಳಲ್ಲಿ ಕಂಪನಿಯ ನಿಯಮ, ಮೇಲಧಿಕಾರಿ, ಸಂಬಳ ಇತ್ಯಾದಿ ಜಾಸ್ತಿ ಬಂದವು. ಖುಷಿಯ ಕಥೆಗಳಲ್ಲಿ ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸವೇ ಚೆನ್ನಾಗಿದ್ದದ್ದು ಬಂದವು. ಅವರ ವಾದ ಏನೆಂದರೆ, ಕಿರಿಕಿರಿ ಹೋದರೆ ಕಿರಿಕಿರಿ ಹೋಯಿತು, ಅಷ್ಟೆ. ಹುರುಪು ಅದರಿಂದ ಹುಟ್ಟುವುದಿಲ್ಲ. ಈ ವಾದವನ್ನು ಒಪ್ಪದ ಸಂಶೋಧಕರೂ ಬೇಕಾದಷ್ಟಿದ್ದಾರೆ. ಆದರೆ ಪಟ್ಟಿ ಬೇರೆ ಮಾಡುವ ಅಭ್ಯಾಸ ಮಾತ್ರ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಅಪ್ರೈಸಲ್ ತಿಂಗಳಲ್ಲಿ ಎಲ್ಲ ಕೆಲಸವೂ ದಂಡ ಅನಿಸುತ್ತದೆ ನೋಡಿ. ಅದು ಎಡಗಡೆಯ ಪಟ್ಟಿ ಬಲಗಡೆಗೆ ಸೋರಿದ್ದು.

ಎಡಗಡೆಯದ್ದಕ್ಕೆ ಹೋರಾಡಬೇಕು, ಕೇಳಬೇಕು, ಬರೆದುಕೊಡಬೇಕು. ಸಂಬಳ ಕಡಿಮೆಯಿದ್ದರೆ ಕೆಲಸದಲ್ಲಿ ಅರ್ಥ ಹುಡುಕಿ ಸಮಾಧಾನ ಪಟ್ಟುಕೊಳ್ಳಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಇನ್ನು ಮುಂದೆ ಹೇಳುವುದೆಲ್ಲ ಬಲಗಡೆಯ ಪಟ್ಟಿಯ ಬಗ್ಗೆ.

ಹೆಜ್ಜೆ 3: ಒಂದೊಂದು ಕೆಲಸಕ್ಕೂ “ಯಾಕೆ ಮಾಡ್ತೀನಿ” ಬರೆಯಿರಿ

ಒಂದು ವಾರ, ಮಾಡಿದ ಕೆಲಸಗಳನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. “ಅಕೌಂಟ್ಸ್” ಅಂತ ಒಟ್ಟಿಗೆ ಬರೆಯಬೇಡಿ. “ವೆಂಡರ್ ಬಿಲ್ ಹೊಂದಿಸಿದ್ದು”, “ಜಿಎಸ್‌ಟಿ ರಿಟರ್ನಿಗೆ ಪಟ್ಟಿ ಮಾಡಿದ್ದು”, “ಸೂರತ್ ಬ್ರಾಂಚಿನ ಫೋನಿಗೆ ಉತ್ತರ ಕೊಟ್ಟದ್ದು” ಅಂತ ಬರೆಯಿರಿ. ಪ್ರತಿಯೊಂದರ ಮುಂದೆ ಈ ನಾಲ್ಕರಲ್ಲಿ ಒಂದು ಅಂಕಿ ಹಾಕಿ.

1. ಮಾಡದಿದ್ದರೆ ಬೈಗುಳ ಬೀಳ್ತದೆ, ಇಲ್ಲವೇ ಇನ್ಸೆಂಟಿವ್ ಹೋಗ್ತದೆ.
2. ಮಾಡದಿದ್ದರೆ ನನಗೇ ನಾಚಿಕೆ, ನಾಲ್ಕು ಜನ ಏನಂದಾರು.
3. ಬೇಸರವೇ, ಆದರೆ ಇದು ಆಗಬೇಕಾದ ಕೆಲಸ ಅಂತ ನನಗೇ ಅನಿಸ್ತದೆ.
4. ಮಾಡೋಕೇ ಖುಷಿ.

ಈ ಮೆಟ್ಟಿಲುಗಳು ನನ್ನ ಕಲ್ಪನೆಯಲ್ಲ. ರಾಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ದಶಕಗಳ ಕಾಲ ಕಟ್ಟಿದ ಸಿದ್ಧಾಂತದಲ್ಲಿ ಇವು ಬರುತ್ತವೆ. ನಾನು ನಮ್ಮ ಮಾತಿಗೆ ಇಳಿಸಿದ್ದೇನೆ ಅಷ್ಟೆ. ಹೊರಗಿನಿಂದ ಬಂದ ಒತ್ತಾಯ ಹೇಗೆ ನಿಧಾನವಾಗಿ ಒಳಗಿನದ್ದಾಗುತ್ತದೆ ಅನ್ನುವುದು ಅವರ ಪ್ರಶ್ನೆ. ಮನುಷ್ಯನಿಗೆ ಮೂರು ಬೇಕು ಅನ್ನುತ್ತಾರೆ: ನನ್ನ ಇಷ್ಟದ ಪ್ರಕಾರ ಮಾಡ್ತಿದ್ದೇನೆ ಅನ್ನುವ ಭಾವನೆ, ನನಗೆ ಇದು ಬರ್ತದೆ ಅನ್ನುವ ಧೈರ್ಯ, ನನ್ನವರು ಅನ್ನುವ ನಾಲ್ಕು ಜನ.

ಇಲ್ಲಿ ಹೆಚ್ಚಿನವರು ಎಡವುವುದು ಎಲ್ಲಿ ಗೊತ್ತಾ? ಒಂದರಿಂದ ನೇರ ನಾಲ್ಕಕ್ಕೆ ಹಾರಲು ನೋಡುತ್ತಾರೆ. ವೆಂಡರ್ ಬಿಲ್ ಹೊಂದಿಸುವುದು ಯಾರಿಗೂ ಖುಷಿ ಕೊಡುವ ಕೆಲಸವಲ್ಲ, ಕೊಡಬೇಕಾಗಿಯೂ ಇಲ್ಲ. ಮೂರಕ್ಕೆ ತಲುಪಿದರೆ ಸಾಕು. “ಬೇಸರ, ಆದರೆ ನನ್ನದು” ಅನ್ನುವ ಜಾಗ ಅದು.

ಇದಕ್ಕೆ ಮುಂಬೈ ಕನ್ನಡಿಗರಲ್ಲೇ ದೊಡ್ಡ ಉದಾಹರಣೆ ಇದೆ. ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಹಿರಿಯರನ್ನು ಕೇಳಿ ನೋಡಿ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ರಾತ್ರಿ ಪಾಠಕ್ಕೆ ಕೂರುತ್ತಿದ್ದರು. ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲ್ ಹಾಕಿದವರು ಆ ಬೆಂಚುಗಳಿಂದಲೇ ಬಂದರು. ಲೋಟ ತೊಳೆಯುವುದರಲ್ಲಿ ಅವರಿಗೆ ಆನಂದ ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆ ಕೆಲಸ ಯಾಕೆ ಮಾಡ್ತಿದ್ದೇನೆ ಅಂತ ಅವರಿಗೆ ಸ್ಪಷ್ಟ ಇತ್ತು, ಮತ್ತು ಆ ಕಾರಣ ಮಾಲೀಕನದ್ದಲ್ಲ, ಅವರದ್ದೇ. ನಿಮ್ಮ ಕಾರಣವೂ ಆಫೀಸಿನ ಹೊರಗೆ ಇರಬಹುದು. ತಂಗಿಯ ಓದು, ಊರಿನ ಮನೆಯ ರಿಪೇರಿ, ಮುಂದೆ ಸ್ವಂತ ಅಂಗಡಿ ಹಾಕುವಾಗ ಬೇಕಾಗುವ ಲೆಕ್ಕದ ಜ್ಞಾನ. ಅದನ್ನೂ ಬರೆಯಿರಿ. ನಾಚಿಕೆ ಪಡಬೇಕಾದ ಕಾರಣ ಅದಲ್ಲ.

ಹೆಜ್ಜೆ 4: ನಿಮ್ಮ ಕಾಗದ ಎಲ್ಲಿಗೆ ಹೋಗುತ್ತದೆ, ಹಿಂದೆಯೇ ಹೋಗಿ ನೋಡಿ

ನನ್ನ ಪ್ರಕಾರ ಅತಿ ಮುಖ್ಯವಾದ ಹೆಜ್ಜೆ ಇದೇ. ಉಳಿದ ಎಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ವಾಶಿಯಲ್ಲಿ ಕಸ್ಟಮ್ಸ್ ಬ್ರೋಕರ್ (ಮಾಲು ತರಿಸುವವರ ಪರವಾಗಿ ಸುಂಕದ ಕಾಗದಪತ್ರ ಮಾಡಿಕೊಡುವವರು) ಒಬ್ಬರ ಆಫೀಸಿನಲ್ಲಿ ನನ್ನ ಪರಿಚಯದ ಅಂಕೋಲಾ ಕಡೆಯ ಹುಡುಗನೊಬ್ಬ ಕೆಲಸ ಮಾಡುತ್ತಾನೆ. ಹೊರದೇಶದಿಂದ ನ್ಹಾವಾ ಶೇವಾ ಬಂದರಿಗೆ ಮಾಲು ಬಂದಾಗ ಬಿಲ್ ಆಫ್ ಎಂಟ್ರಿ ಅಂತ ಒಂದು ದಾಖಲೆ ಸಲ್ಲಿಸಬೇಕು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಮಾಲಿನ ರಸೀದಿ) ಮುಂದಿಟ್ಟುಕೊಂಡು ಒಂದೊಂದು ಸಾಲೂ ಕಂಪ್ಯೂಟರಿಗೆ ಹಾಕಬೇಕು. ಪ್ರತಿ ವಸ್ತುವಿಗೂ ಎಂಟು ಅಂಕಿಯ ಕೋಡ್. ಅವನಿಗೆ ಅವು ಬರೀ ಅಂಕಿ. ಹಳೆ ಫೈಲಿನಿಂದ ನಕಲು ಮಾಡುತ್ತಿದ್ದ, ಸಂಜೆ ಆರು ಗಂಟೆ ಯಾವಾಗ ಆಗ್ತದೆ ಅಂತ ಗಡಿಯಾರ ನೋಡುತ್ತಿದ್ದ.

ಒಂದು ದಿನ ಬಂದರಿನ ಕಡೆ ಓಡಾಡುವ ಸಹೋದ್ಯೋಗಿಗೆ ಹುಷಾರಿಲ್ಲದೆ ಇವನನ್ನೇ ಕಂಟೇನರ್ ಯಾರ್ಡಿಗೆ ಕಳಿಸಿದರು. ಅಲ್ಲಿ ಒಂದು ಕಂಟೇನರ್ ಕೋಡಿನ ತಕರಾರಿನಿಂದ ನಿಂತಿತ್ತು. ಒಳಗಿದ್ದದ್ದು ಪಂಪಿನ ಬಿಡಿಭಾಗ. ಪ್ಲಾಸ್ಟಿಕ್ಕಿನದ್ದು ಅಂತ 39ರಿಂದ ಶುರುವಾಗುವ ಕೋಡಾ, ಯಂತ್ರದ ಭಾಗ ಅಂತ 84ರಿಂದ ಶುರುವಾಗುವ ಕೋಡಾ? ಕೋಡ್ ಬದಲಾದರೆ ಸುಂಕವೂ ಬದಲಾಗಬಹುದು. ಆ ಮಾಲಿಗೆ ಕಾಯುತ್ತಿದ್ದವನು ಅಂಬರನಾಥದ ಒಬ್ಬ ಸಣ್ಣ ಕಾರ್ಖಾನೆಯವನು. ಯಾರ್ಡಿಗೇ ಬಂದು ನಿಂತಿದ್ದ. ದಿನ ಕಳೆದಂತೆ ಬಾಡಿಗೆ ಏರುತ್ತದೆ, ಅತ್ತ ಕಾರ್ಖಾನೆಯಲ್ಲಿ ಯಂತ್ರ ನಿಂತಿರುತ್ತದೆ. ಬಿಲ್ ಆಫ್ ಎಂಟ್ರಿ ಸಲ್ಲಿಸುವುದೇ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ ಬೇರೆ.

ವಾಪಸ್ ಬಂದ ಮೇಲೆ ಹುಡುಗ ಏನೂ ಭಾಷಣ ಮಾಡಲಿಲ್ಲ. ಆದರೆ ಕೋಡಿನ ಮೊದಲ ಎರಡು ಅಂಕಿ, ಅಂದರೆ ಸುಂಕದ ಪಟ್ಟಿಯ ಅಧ್ಯಾಯದ ಸಂಖ್ಯೆ, ನೋಡಿ “ಇದು ಆ ಅಧ್ಯಾಯಕ್ಕೆ ಹೇಗೆ ಸೇರ್ತದೆ?” ಅಂತ ಕೇಳಲು ಶುರುಮಾಡಿದ. ಅನುಮಾನ ಬಂದರೆ ಕ್ಯಾಟಲಾಗ್ ತರಿಸಿ ನೋಡುತ್ತಾನೆ. ಕುರ್ಚಿ ಅದೇ, ಸಂಬಳ ಅದೇ. ಸಾಲಿನ ಆ ತುದಿಯಲ್ಲಿ ನಿಂತವನ ಮುಖ ಈಗ ಗೊತ್ತು, ಅಷ್ಟೇ ವ್ಯತ್ಯಾಸ.

ಇದು ಒಬ್ಬನ ಕಥೆ ಮಾತ್ರ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಕೆಲಸದವರನ್ನು ಗಮನಿಸಿದ್ದರು. ಬೈಸಿಕೊಳ್ಳುವುದೇ ಜಾಸ್ತಿ ಇರುವ ಕೆಲಸ. ಅವರಲ್ಲಿ ಒಂದು ಗುಂಪಿಗೆ, ಆ ದೇಣಿಗೆಯಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ನಂತರ ನೋಡಿದರೆ ಆ ಗುಂಪಿನವರು ಫೋನಿನಲ್ಲಿ ಕಳೆದ ಸಮಯವೂ ತಂದ ಹಣವೂ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಹಾರ್ವರ್ಡಿನ ರಯಾನ್ ಬ್ಯುಯೆಲ್ ಮತ್ತು ಜೊತೆಗಾರರು ಒಂದು ಕ್ಯಾಂಟೀನಿನ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ವೀಡಿಯೊ ಹಾಕಿ ನೋಡಿದರು. ಅಡುಗೆಯವರಿಗೆ ಗಿರಾಕಿಗಳು ಕಾಣಿಸುವಂತಾದಾಗ ಊಟ ಚೆನ್ನಾಗಿದೆ ಅಂತ ಹೇಳುವವರು ಹೆಚ್ಚಾದರು.

ನಮ್ಮ ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಾದಲ್ಲಿ ಕೂತವನಿಗೆ ಗಿರಾಕಿಯ ಮುಖ ಕಾಣುತ್ತದೆ, ಒಳಗಿನ ಭಟ್ಟರಿಗೆ ಬರುವುದು ಆರ್ಡರ್ ಚೀಟಿ ಮಾತ್ರ. ಮಧ್ಯಾಹ್ನದ ರಶ್ ಇಳಿದ ಮೇಲೆ ಭಟ್ಟರನ್ನು ಹತ್ತು ನಿಮಿಷ ಹೊರಗೆ ಕರೆದು, ದಿನಾ ಬರುವ ಗಿರಾಕಿಯ ಪಕ್ಕ ಕೂರಿಸಿ ಚಹಾ ಕೊಡುವ ಮಾಲೀಕರು ಇದ್ದಾರೆ. ಖರ್ಚು ಒಂದು ಚಹಾದ್ದು.

ನೀವು ಮಾಡಬೇಕಾದದ್ದು ಹೀಗೆ. ಒಂದನೇ ಅಂಕಿ ಬಿದ್ದ ಒಂದು ಕೆಲಸ ಆರಿಸಿಕೊಳ್ಳಿ. ಅದು ನಿಮ್ಮ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೋ ಅವರ ಹತ್ತಿರ ಊಟದ ಹೊತ್ತಿಗೆ ಹೋಗಿ ಕೇಳಿ. “ಹೇ ಪುಢೇ ಕುಠೇ ಜಾತಂ?” (ಇದು ಮುಂದೆ ಎಲ್ಲಿಗೆ ಹೋಗ್ತದೆ?) ಇಷ್ಟು ಮರಾಠಿ ಸಾಕು. ಇನ್ನೆರಡು ಪ್ರಶ್ನೆ ಸೇರಿಸಿ. ನನ್ನ ಶೀಟಿನಲ್ಲಿ ನೀವು ಮೊದಲು ನೋಡುವುದು ಯಾವುದು? ನಾನು ತಪ್ಪು ಮಾಡಿದರೆ ನಿಮಗೆ ಏನು ತೊಂದರೆ? ಉತ್ತರ ಕೇಳಿ ಕೆಲವೊಮ್ಮೆ ಬೆಚ್ಚಿ ಬೀಳುತ್ತೀರಿ. ನೀವು ಎರಡು ಗಂಟೆ ಕೂತು ತುಂಬುವ ಒಂದು ಕಾಲಮ್ಮನ್ನು ಯಾರೂ ನೋಡುವುದೇ ಇಲ್ಲ ಅಂತಲೂ ಗೊತ್ತಾಗಬಹುದು. ಅದೂ ಲಾಭವೇ. ಆ ಕಾಲಮ್ ತೆಗೆಯಲು ಕೇಳಿ.

ಹೆಜ್ಜೆ 5: ಬೇಸರ ಅಂತ ಬಾಯಿಬಿಟ್ಟು ಒಪ್ಪಿಕೊಳ್ಳಿ

ಡೆಸಿ ಮತ್ತು ಜೊತೆಗಾರರು 1994ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಬೆಳಕಿನ ಚುಕ್ಕೆ ಕಂಡಾಗೆಲ್ಲ ಸ್ಪೇಸ್ ಬಾರ್ ಒತ್ತುವುದು, ಅಷ್ಟೇ ಕೆಲಸ. ಇದಕ್ಕಿಂತ ನೀರಸವಾದದ್ದು ಹುಡುಕಿದರೂ ಸಿಗಲಿಕ್ಕಿಲ್ಲ. ಕೆಲವರಿಗೆ ಯಾಕೆ ಮಾಡಬೇಕು ಅಂತ ಸರಿಯಾದ ಕಾರಣ ಕೊಟ್ಟರು, ಇದು ಬೇಸರದ ಕೆಲಸ ಅಂತ ಒಪ್ಪಿಕೊಂಡರು, “ಮಾಡಲೇಬೇಕು” ಅನ್ನುವ ಧಾಟಿ ಬಿಟ್ಟು ಮಾತಾಡಿದರು. ಈ ಮೂರೂ ಸೇರಿದಾಗ ಜನ ಯಾರೂ ಹೇಳದಿದ್ದರೂ ಆ ಕೆಲಸಕ್ಕೆ ಹೆಚ್ಚು ಹೊತ್ತು ಮರಳಿದರು, ಮನಸ್ಸಿಟ್ಟೇ ಮಾಡಿದರು.

ನಮ್ಮ ಆಫೀಸುಗಳಲ್ಲಿ ನಡೆಯುವುದು ಇದರ ಉಲ್ಟಾ. ಕಾರಣ ಹೇಳುವುದಿಲ್ಲ, “ತುಂಬಾ ಇಂಟರೆಸ್ಟಿಂಗ್ ಪ್ರಾಜೆಕ್ಟ್” ಅಂತ ಬಣ್ಣ ಹಚ್ಚುತ್ತಾರೆ, ಸಂಜೆಯೊಳಗೆ ಬೇಕೇ ಬೇಕು ಅನ್ನುತ್ತಾರೆ. ಬಾಸ್ ಬದಲಾಗುವ ತನಕ ಕಾಯಬೇಡಿ. ಆ ಮೂರನ್ನು ನಿಮಗೆ ನೀವೇ ಹೇಳಿಕೊಳ್ಳಿ. “ಇದು ಬೋರು. ಆದ್ರೂ ಅಂಬರನಾಥದವನ ಮಾಲು ನಿಲ್ಲಬಾರದು. ಊಟಕ್ಕೆ ಮುಂಚೆ ಮಾಡ್ಲಾ, ಆಮೇಲೆ ಮಾಡ್ಲಾ?” ಕೇಳಲು ಸ್ವಲ್ಪ ನಗು ಬರುತ್ತದೆ, ನಿಜ. ಆದರೆ ಹಲ್ಲು ಕಚ್ಚಿಕೊಂಡು ಮಾಡುವುದಕ್ಕಿಂತ ಇದು ಮೇಲು.

ನಿಮ್ಮ ಕೈಕೆಳಗೆ ಜನ ಇದ್ದರೆ ಇದು ನಿಮಗೂ ಪಾಠ. ಹೊಸ ಹುಡುಗನಿಗೆ ಕೆಲಸ ಕೊಡುವಾಗ ಕಾರಣದ ಒಂದು ವಾಕ್ಯ, ಬೇಸರದ ಕೆಲಸ ಅಂತ ಒಂದು ವಾಕ್ಯ. ಅರ್ಧ ನಿಮಿಷ ಸಾಕು.

ಹೆಜ್ಜೆ 6: ಒಂದು ಚಿಕ್ಕ ಜಾಗ ನಿಮ್ಮದು ಮಾಡಿಕೊಳ್ಳಿ

ಅಮೆರಿಕದ ಆಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಬರೆದ ಲೇಖನದಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ವಿಷಯ ಬರುತ್ತದೆ. ಒಂದೇ ಆಸ್ಪತ್ರೆ, ಒಂದೇ ಕೆಲಸ. ಕೆಲವರು ಗುಡಿಸಿ ಒರೆಸಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳನ್ನು, ನೋಡಲು ಬಂದವರನ್ನು ಮಾತಾಡಿಸುತ್ತಿದ್ದರು, ದಾದಿಯರ ಕೆಲಸ ಯಾವಾಗ ಇರುತ್ತದೆ ಅಂತ ನೋಡಿಕೊಂಡು ತಮ್ಮ ಸಮಯ ಹೊಂದಿಸುತ್ತಿದ್ದರು. ಇವರಿಗೆ ಕೆಲಸ ಹಿಡಿಸಿತ್ತು, ರೋಗಿ ಗುಣವಾಗುವುದರಲ್ಲಿ ತಮ್ಮದೂ ಪಾಲಿದೆ ಅಂತ ತಿಳಿದಿದ್ದರು. ಮೇಲಿನವರು ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ.

ಜಾಗ ಮಾಡಿಕೊಳ್ಳುವುದು ಅಂದರೆ ನಿಯಮ ಮುರಿಯುವುದಲ್ಲ. ಯಾವುದು ಮೊದಲು ಯಾವುದು ಆಮೇಲೆ, ಯಾರ ಜೊತೆ, ಯಾವ ವಿಧಾನದಲ್ಲಿ ಅನ್ನುವುದರಲ್ಲಿ ನಮಗೆ ಗೊತ್ತಿಲ್ಲದಂತೆಯೇ ಸುಮಾರು ಸ್ವಾತಂತ್ರ್ಯ ಇರುತ್ತದೆ.

ಪಿಂಪ್ರಿ-ಚಿಂಚವಡದ ಬಿಡಿಭಾಗ ಕಾರ್ಖಾನೆಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಬಹಳ ಇದ್ದಾರೆ. ಅಂಥ ಒಂದು ಕಡೆ ತಪಾಸಣೆಯ ಕೆಲಸ ನೋಡಿದ್ದೇನೆ. ಕೈಯಲ್ಲಿ ಪ್ಲಗ್ ಗೇಜ್ ಅನ್ನುವ ಉಕ್ಕಿನ ಸಲಕರಣೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹಾಗಾದರೆ ಅಳತೆ ಸರಿ. ಒಂದು ಶಿಫ್ಟಿನಲ್ಲಿ ನೂರಾರು ತುಂಡು, ನೂರಾರು ಸಲ ಅದೇ. ಆ ಕೆಲಸ ಮಾಡುವ ಇಂಡಿ ತಾಲೂಕಿನವನು ತಿರಸ್ಕರಿಸಿದ ತುಂಡುಗಳ ಸಮಯವನ್ನು ಒಂದು ವಹಿಯಲ್ಲಿ ಬರೆಯತೊಡಗಿದ. ಯಾರೂ ಹೇಳಿರಲಿಲ್ಲ. ಮೊದಲ ತುದಿ ಒಳಗೆ ಹೋಗದ ತುಂಡುಗಳು ಶಿಫ್ಟಿನ ಕೊನೆಗೇ ಜಾಸ್ತಿ ಬರುತ್ತಿದ್ದವು. ಅಂದರೆ ಕೊರೆಯುವ ಟೂಲ್ ಸವೆದು ತೂತು ಸಣ್ಣದಾಗುತ್ತಿತ್ತು. ಇವನ ವಹಿ ನೋಡಿ ಸೂಪರ್‌ವೈಸರ್ ಟೂಲನ್ನು ಮೊದಲಿಗಿಂತ ಬೇಗ ಬದಲಿಸತೊಡಗಿದ. ಈಗ ಅವನು ಗೇಜ್ ಹಾಕುವಾಗ ತುಂಡನ್ನಷ್ಟೇ ನೋಡುವುದಿಲ್ಲ, ಯಂತ್ರದ ನಾಡಿ ಹಿಡಿದು ನೋಡುತ್ತಾನೆ.

ನಿಮ್ಮಲ್ಲೂ ಇಂಥ ಒಂದು ವಹಿಗೆ ಜಾಗ ಇರುತ್ತದೆ. ಒಂದೇ ತರಹದ ದೂರು ಯಾವ ವಾರ ಜಾಸ್ತಿ, ಯಾವ ಬ್ರಾಂಚಿನಿಂದ ಯಾವ ತಪ್ಪು ಬರುತ್ತದೆ, ಯಾವ ಮೇಲ್‌ಗೆ ಉತ್ತರ ಬೇಗ ಬರುತ್ತದೆ. ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಹತ್ತು ಪ್ರಶ್ನೆ ಇಟ್ಟುಕೊಂಡರೆ ಅದೇ ಇನ್ನೊಂದು ನೌಕರಿಯಾಗುತ್ತದೆ.

ಹೆಜ್ಜೆ 7: ವಾಪಸ್ ರೈಲಿನಲ್ಲಿ ಮೂರು ಸಾಲು

ಅಮೆರಿಕದ ಸಂಶೋಧಕರಾದ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಉದ್ಯೋಗಿಗಳಿಂದ ದಿನಾ ಬರೆಸಿದ ಸುಮಾರು 12,000 ದಿನಚರಿ ಟಿಪ್ಪಣಿ ಓದಿದರು. ಮನಸ್ಸು ಚೆನ್ನಾಗಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು, ಮುಖ್ಯ ಅನಿಸುವ ಕೆಲಸ ಸ್ವಲ್ಪವಾದರೂ ಮುಂದೆ ಹೋಗಿತ್ತು ಅನ್ನುವುದು. ಸ್ವಲ್ಪ ಅಂದರೆ ಸ್ವಲ್ಪವೇ.

ತೊಂದರೆ ಏನೆಂದರೆ ಆ ಸ್ವಲ್ಪ ನಮಗೆ ಕಾಣುವುದೇ ಇಲ್ಲ. ಠಾಣೆ ದಾಟುವ ಹೊತ್ತಿಗೆ ನೆನಪಿರುವುದು ಬೈದದ್ದು ಮಾತ್ರ. ಅದಕ್ಕೇ ಸೀಟು ಸಿಕ್ಕ ಕೂಡಲೇ ಫೋನಿನಲ್ಲಿ ಮೂರು ಸಾಲು ಬರೆಯಿರಿ. ಇವತ್ತು ಏನು ಮುಂದೆ ಹೋಯಿತು? ಎಲ್ಲಿ ಸಿಕ್ಕಿಕೊಂಡಿತು? ನಾಳೆ ಮೊದಲು ಕೈ ಹಾಕುವುದು ಯಾವುದಕ್ಕೆ? ಕನ್ನಡದಲ್ಲೇ ಬರೆಯಿರಿ, ಪಕ್ಕದವರು ಇಣುಕಿದರೂ ಓದಲಾರರು. ಸೀಟು ಸಿಗದಿದ್ದರೆ, ಅದೇ ಹೆಚ್ಚು ಅನ್ನಿ, ಮನೆಗೆ ಹೋಗಿ ಚಪ್ಪಲಿ ಬಿಡುವ ಮುಂಚೆ ವಾಯ್ಸ್ ನೋಟ್ ಹಾಕಿ.

ಬಹುಮಾನದ ಬಗ್ಗೆ ಒಂದು ಎಚ್ಚರಿಕೆ. “ಈ ರಿಪೋರ್ಟ್ ಮುಗಿಸಿದ್ರೆ ಒಂದು ಐಸ್‌ಕ್ರೀಮ್” ಅಂತ ನಮಗೆ ನಾವೇ ಲಂಚ ಕೊಡುವ ಅಭ್ಯಾಸ ಬೇಸರದ ಕೆಲಸಕ್ಕಾದರೆ ಸರಿ. ಈಗಾಗಲೇ ಇಷ್ಟವಿರುವ ಕೆಲಸಕ್ಕೆ ಬೇಡ. 1971ರಲ್ಲಿ ಡೆಸಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಒಗಟು ಕೊಟ್ಟಿದ್ದರು. ಒಗಟಿಗೊಂದು ಡಾಲರಿನಂತೆ ದುಡ್ಡು ಪಡೆದವರು, ದುಡ್ಡು ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಆ ಒಗಟನ್ನು ಮುಟ್ಟುವುದು ಕಡಿಮೆಯಾಯಿತು.

ಹೆಜ್ಜೆ 8: ಒಬ್ಬರಾದರೂ ಜೊತೆಗಾರರು ಬೇಕು

ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನಿಮ್ಮ ಕೆಲಸದ ಕಷ್ಟ ಅರ್ಥವಾಗುವ ಒಬ್ಬರು ಇದ್ದರೆ ಸಾಕು. ಅದೇ ಆಫೀಸಿನವರೇ ಆಗಬೇಕೆಂದಿಲ್ಲ. ಆದರೆ ಬರೀ ಬೈದುಕೊಳ್ಳಲು ಸೇರುವ ಚಹಾ ಗುಂಪಿನಿಂದ ದೂರ ಇರಿ. ಮೊದಲ ವಾರ ಹಾಯೆನಿಸುತ್ತದೆ, ಆಮೇಲೆ ನಿಮ್ಮ ಪಟ್ಟಿಯ ಎಡಗಡೆಯನ್ನೇ ಉದ್ದ ಮಾಡುತ್ತದೆ.

ಹೆಜ್ಜೆ 9: ಮೇಲಿನವರ ಹತ್ತಿರ ಕೇಳುವುದು, ಅಥವಾ ಹೊರಡುವುದು

ಎರಡು ಮೂರು ತಿಂಗಳು ಹೀಗೆ ಮಾಡಿದ ಮೇಲೆ ನಿಮ್ಮ ಹತ್ತಿರ ಅಂಕಿ ಹಾಕಿದ ಪಟ್ಟಿ, ಒಂದು ವಹಿ, ರೈಲಿನ ಟಿಪ್ಪಣಿ ಇರುತ್ತವೆ. ಈಗ ಬಾಸ್ ಹತ್ತಿರ ಹೋಗಿ. “ಬೋರಾಗ್ತಿದೆ ಸರ್” ಅಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. “ಈ ಕೆಲಸ ನನಗೆ ಚೆನ್ನಾಗಿ ಹಿಡಿದಿದೆ, ಇದನ್ನು ಇನ್ನೂ ಸ್ವಲ್ಪ ಜಾಸ್ತಿ ತಗೊಳ್ತೀನಿ. ಈ ಇನ್ನೊಂದನ್ನು ಯಾರಿಗಾದರೂ ಕೊಡಬಹುದಾ? ಒಂದು ತಿಂಗಳು ನೋಡೋಣ” ಅನ್ನಿ. ಪ್ರಯೋಗಕ್ಕೆ ಒಂದು ತಿಂಗಳು ಅಂದರೆ ಒಪ್ಪುವವರು ಜಾಸ್ತಿ. ವಹಿಯಲ್ಲಿ ಕಂಡ ಒಂದು ವಿಷಯವನ್ನೂ ಜೊತೆಗೆ ತೋರಿಸಿ.

ಕೆಲವು ಕಡೆ ಇದ್ಯಾವುದೂ ನಡೆಯುವುದಿಲ್ಲ. ಸಂಬಳವನ್ನೇ ತಡೆಹಿಡಿಯುವ ಕಡೆ, ಗಿರಾಕಿಗೆ ಸುಳ್ಳು ಹೇಳಿಸುವ ಕಡೆ, ದಿನಾ ಅವಮಾನ ಮಾಡುವ ಕಡೆ ಮನಸ್ಸು ಬರದಿರುವುದೇ ಆರೋಗ್ಯದ ಲಕ್ಷಣ. ನಾಲ್ಕನೇ ಹೆಜ್ಜೆಯಲ್ಲಿ ಕಾಗದದ ಹಿಂದೆ ಹೋದಾಗ, ನಿಮ್ಮ ಕೆಲಸದಿಂದ ಯಾರಿಗೋ ಮೋಸವಾಗುತ್ತಿದೆ ಅಂತ ಗೊತ್ತಾದರೂ ಅಷ್ಟೆ. ಅಲ್ಲಿ ಅರ್ಥ ಹುಡುಕುತ್ತಾ ಕೂರಬೇಡಿ. ನೋಟಿಸ್ ಅವಧಿ ಎಷ್ಟು ಅಂತ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ, ಕನಿಷ್ಠ ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಬೇರೆ ಕಡೆ ಅರ್ಜಿ ಹಾಕಿ.

ಹೊಸ ಕಡೆ ಇಂಟರ್‌ವ್ಯೂನ ಕೊನೆಗೆ “ನಿಮಗೇನಾದರೂ ಕೇಳುವುದಿದೆಯಾ?” ಅನ್ನುತ್ತಾರಲ್ಲ, ಆಗ ಸಂಬಳ, ರಜೆಯ ಜೊತೆ ಈ ಮೂರನ್ನೂ ಕೇಳಿ. ನಾನು ಮಾಡುವ ಕೆಲಸ ಇಲ್ಲಿಂದ ಯಾರ ಕೈಗೆ ಹೋಗುತ್ತದೆ? ಅವರನ್ನು ನಾನು ನೇರವಾಗಿ ಮಾತಾಡಿಸಬಹುದಾ? ನನ್ನ ಮೊದಲು ಈ ಕುರ್ಚಿಯಲ್ಲಿದ್ದವರು ಕೆಲಸದ ವಿಧಾನದಲ್ಲಿ ಏನಾದರೂ ಬದಲಾಯಿಸಿದ್ದಾರಾ? ಮೂರನೆಯದಕ್ಕೆ ಉತ್ತರ ಹೇಳಲು ಅವರು ತಡಕಾಡಿದರೆ, ಸಂಬಳ ಒಂದೆರಡು ಸಾವಿರ ಜಾಸ್ತಿ ಕೇಳಿ.